ಹಳೆಯ ಓಮ್ನಿಗೆ ಗುಜರಿಯ ಸೀಟು ಹಾಕಿಸಬಹುದೇ?

ನಿಮ್ಮ 2006ರ ಓಮ್ನಿಯ ಡ್ರೈವರ್ ಸೀಟು ಕುಸಿದಿದೆ, ಗುಜರಿಯಲ್ಲಿ ಬೆಲ್ಟ್ ಸಮೇತ ಇನ್ನೊಂದು ಸಿಕ್ಕಿದೆ, ಹಳೆಯದನ್ನು ಕೊಟ್ಟರೆ ಬೆಲೆ ಇಳಿಸುತ್ತಾರೆ, ಕೊಡಲೇ ಎಂದು ಕೇಳಿದ್ದೀರಿ. ಕೊಡಬೇಡಿ. ತಂದ ಸೀಟು ನಿಮ್ಮ ಗಾಡಿಯಲ್ಲಿ ಸರಿಯಾಗಿ ಕೂತು, ಬಿಸಿಲಲ್ಲಿ ನಾಲ್ಕು ದಿನ ಓಡಿ ನೋಡುವವರೆಗೂ ಹಳೆಯದು ನಿಮ್ಮ ಮನೆಯಲ್ಲೇ ಇರಲಿ.

ನಾನು ಕೊಟ್ಟು ಕೆಟ್ಟವನು. ನಮ್ಮದು ಹಾಸನದ ಕಡೆ ಮದುವೆ ಅಡುಗೆಯ ಕೆಲಸ. ಪಾತ್ರೆ, ತರಕಾರಿ, ಬಡಿಸುವ ಹುಡುಗರು ಎಲ್ಲವೂ ಓಮ್ನಿಯಲ್ಲೇ ಹೋಗಬೇಕು. ಸೀಟನ್ನು ಮನೆಯಲ್ಲೇ ಬಿಚ್ಚಿ, ಗೆಳೆಯನ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಹೋಗಿ, ಬಟ್ಟೆ ಹರಿಯದ ಒಂದು ಸೀಟಿಗೆ ಬದಲಿ ಕೊಟ್ಟು ಬಂದೆ. ಐನೂರು ರೂಪಾಯಿ ಉಳಿಯಿತು ಎಂಬ ಸಮಾಧಾನ ಬೇರೆ. ಮನೆಗೆ ಬಂದು ಇಟ್ಟರೆ ಮುಂದಿನ ಎರಡು ಬೋಲ್ಟ್ ಕೂತವು, ಹಿಂದಿನವು ಬೆರಳಗಲ ಆಚೆ ನಿಂತವು. ಓಮ್ನಿ 1984ರಿಂದ 2019ರವರೆಗೆ ತಯಾರಾದ ಗಾಡಿ. ಹೊರಗಿನಿಂದ ಎಲ್ಲವೂ ಒಂದೇ ಎನಿಸುತ್ತದೆ, ಒಳಗೆ ಕಾಲಕಾಲಕ್ಕೆ ಬದಲಾಗಿದೆ. ಅದು ಯಾವ ವರ್ಷದ ಗಾಡಿಯ ಸೀಟು ಎಂದು ನಾನು ಕೇಳಿರಲೇ ಇಲ್ಲ.

ತೂತು ಕೊರೆದರೆ ಬೋಲ್ಟ್ ಕೂರುತ್ತದೆ, ಅದು ದೊಡ್ಡ ಮಾತಲ್ಲ. ಆದರೆ ನನ್ನ ಹಳೆಯ ಸೀಟಿನ ತಳದಲ್ಲೇ ಲಾಕ್ ಕೊಕ್ಕೆ, ಬುಷ್ ಎನ್ನುವ ಸಣ್ಣ ಬಳೆಗಳು, ಅಂಚಿನುದ್ದಕ್ಕೂ ಇದ್ದ ರಬ್ಬರ್ ಬೀಡಿಂಗ್ ಎಲ್ಲವೂ ಇದ್ದವು. ಅವನ್ನು ಬಿಚ್ಚಿಟ್ಟುಕೊಳ್ಳದೆ ಹಾಗೇ ಕೊಟ್ಟುಬಿಟ್ಟಿದ್ದೆ. ಬೇರೆ ಕಾರಿನಲ್ಲಾದರೆ ಇದರಿಂದ ಸೀಟು ಕಟಕಟ ಎನ್ನುತ್ತಿತ್ತು, ಅಷ್ಟೇ. ಓಮ್ನಿಯಲ್ಲಿ ಎಂಜಿನ್ ಇರುವುದೇ ಮುಂದಿನ ಸೀಟಿನ ಅಡಿಯಲ್ಲಿ. ಆ 796 ಸಿಸಿ ಎಂಜಿನ್ನಿನ ಬಿಸಿ, ಸದ್ದು, ಹೊಗೆಗೂ ನಿಮಗೂ ನಡುವೆ ಇರುವುದು ಸೀಟಿನ ತಳ ಮತ್ತು ಅದರ ಅಂಚಿನ ರಬ್ಬರ್. ತಂದ ಸೀಟಿನ ರಬ್ಬರ್ ಒಣಗಿ ಚೂರುಚೂರಾಗಿ ಉದುರುತ್ತಿತ್ತು. ಅದರಲ್ಲೇ ಅರಸೀಕೆರೆಯ ಮದುವೆಗೆ ಹೊರಟೆವು. ಅರ್ಧ ದಾರಿಯಲ್ಲಿ ನನ್ನ ತೊಡೆ ಸುಡತೊಡಗಿತು, ಪಕ್ಕದಲ್ಲಿ ಕೂತಿದ್ದ ಹುಡುಗ ತಲೆ ಸುತ್ತುತ್ತಿದೆ ಎಂದು ಇಳಿದು ವಾಂತಿ ಮಾಡಿಕೊಂಡ. ಸೈಲೆನ್ಸರ್ ಪೈಪಿನ ಜೋಡಣೆಯಲ್ಲಿ ಸಣ್ಣ ಸೋರಿಕೆ ಇತ್ತಂತೆ, ಮೆಕ್ಯಾನಿಕ್ ಆಮೇಲೆ ತೋರಿಸಿದ. ಹಳೆಯ ರಬ್ಬರ್ ಅದನ್ನು ಒಳಗೆ ಬಿಡದೆ ತಡೆದಿತ್ತು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಆದರೆ ಪ್ರಾಣ ತೆಗೆಯುತ್ತದೆ. ಮರುದಿನ ಗುಜರಿಗೆ ಓಡಿದರೆ ನನ್ನ ಸೀಟನ್ನು ಆಗಲೇ ಕತ್ತರಿಸಿ ತೂಕಕ್ಕೆ ಹಾಕಿಯಾಗಿತ್ತು. ಬೀಡಿಂಗ್, ಕೊಕ್ಕೆ, ವೆಲ್ಡಿಂಗ್ ಎಂದು ಅಲೆದಾಡಿ, ಲಗ್ನದ ಸಮಯದಲ್ಲಿ ಬಾಡಿಗೆ ಗಾಡಿಗೆ ದುಡ್ಡು ಸುರಿದೆ.

ಅಷ್ಟಕ್ಕೂ ನಿಮಗೆ ಇನ್ನೊಂದು ಸೀಟು ಏಕೆ ಬೇಕು? ಕುಸಿದಿದೆ ಎಂದಿದ್ದೀರಿ, ಫ್ರೇಮ್ ಮುರಿದಿದೆ ಎಂದಿಲ್ಲ. ಕುಸಿಯುವುದು ಸ್ಪಾಂಜು ಮತ್ತು ಸ್ಪ್ರಿಂಗು. ನಿಮ್ಮೂರಿನಲ್ಲಿ ಸೀಟಿಗೆ ರೆಕ್ಸಿನ್ ಹೊಲಿಯುವ ಕುಶನ್ ಅಂಗಡಿ ಇದ್ದೇ ಇರುತ್ತದೆ. ಸೀಟನ್ನು ಬಿಚ್ಚಿಕೊಂಡು ಅಲ್ಲಿಗೆ ಹೋಗಿ, ಗಟ್ಟಿ ಸ್ಪಾಂಜ್ ಹಾಕಿಸಿ, ಫ್ರೇಮಿನಲ್ಲಿ ಬಿರುಕಿದ್ದರೆ ಬೆಸುಗೆ ಹಾಕಿಸಿ. ನಿಮ್ಮ ಗಾಡಿಯ ಜೊತೆಗೇ ಬಂದ ಫ್ರೇಮಿನಷ್ಟು ಸರಿಯಾಗಿ ಕೂರುವುದು ಬೇರೊಂದು ಸಿಗುವುದಿಲ್ಲ.

ಫ್ರೇಮೇ ತುಕ್ಕು ಹಿಡಿದು ಕಳಚಿದೆ ಎಂದಾದರೆ ಮಾತ್ರ ಗುಜರಿಗೆ ಹೋಗಿ. ಬೆಂಗಳೂರಾದರೆ ಶಿವಾಜಿನಗರದ ಕಡೆ ಹುಡುಕಿ, ಜೆ.ಸಿ. ರಸ್ತೆಯಲ್ಲಿ ಹೊಸ ರಬ್ಬರ್, ಬುಷ್ ವಿಚಾರಿಸಿ. ಹೋಗುವ ಮೊದಲು ನಿಮ್ಮ ಬೋಲ್ಟ್ ತೂತುಗಳ ನಡುವಿನ ಅಂತರವನ್ನು ಟೇಪಿನಲ್ಲಿ ಅಳೆದು ಬರೆದುಕೊಳ್ಳಿ, ತಳದ ಫೋಟೊ ತೆಗೆದುಕೊಳ್ಳಿ. ಅಂಗಡಿಯಲ್ಲಿ ಸೀಟಿನ ಬಟ್ಟೆ ನೋಡಬೇಡಿ, ಮಗುಚಿ ಹಾಕಿ ತಳ ನೋಡಿ. ಸೀಟು ಹಿಂದೆ ಮುಂದೆ ಜಾರುವ ಪಟ್ಟಿಯ (ರೇಲಿನ) ಒಳಗೆ ಒಣಗಿದ ಕೆಸರಿದ್ದರೆ ನೆರೆಯಲ್ಲಿ ಮುಳುಗಿದ ಗಾಡಿ ಇರಬಹುದು, ಬಿಟ್ಟು ಬನ್ನಿ. ರಸೀದಿ ಕೊಡದವರ ಹತ್ತಿರ ಕೊಳ್ಳಬೇಡಿ, ಕದ್ದ ಗಾಡಿಯ ಮಾಲೂ ಹೀಗೇ ಮಾರಾಟವಾಗುತ್ತದೆ.

ಜೊತೆಗೆ ಬರುತ್ತದೆ ಎಂದಿರಲ್ಲ, ಆ ಬೆಲ್ಟನ್ನು ಬಿಟ್ಟಿ ಕೊಟ್ಟರೂ ತರಬೇಡಿ. ಅಪಘಾತದಲ್ಲಿ ಒಮ್ಮೆ ಎಳೆತ ತಿಂದ ಬೆಲ್ಟು ಮತ್ತೆ ಅಷ್ಟೇ ಬಲವಾಗಿ ಹಿಡಿಯುತ್ತದೆ ಎಂಬ ಭರವಸೆ ಇಲ್ಲ, ಆ ಎಳೆತ ಕಣ್ಣಿಗೆ ಕಾಣುವುದೂ ಇಲ್ಲ. ಓಮ್ನಿಗೆ ಮುಂದೆ ಬಾನೆಟ್ ಇಲ್ಲ, ನಿಮ್ಮ ಮೊಣಕಾಲಿನಾಚೆ ಇರುವುದು ತಗಡು. ಬೆಲ್ಟ್ ಹೊಸದನ್ನೇ ಹಾಕಿಸಿ.