ಕಲ್ಲು ತೆಗೆದವರು ನೀರು ಯಾಕೆ ಕೊಳ್ಳಬೇಕು?

ಪ್ರಶ್ನೆ: ನಾವಿರುವುದು ಅಮೆರಿಕದ ಕೊಲೊರಾಡೊದಲ್ಲಿ, ಗ್ರೀಲಿ ಹತ್ತಿರ. ಮನೆ ಹಿಂದೆ ಮರಳು-ಜಲ್ಲಿ ತೆಗೆಯುವ ದೊಡ್ಡ ಗುಂಡಿ ಇದೆ. ಈಗ ನೀರು ತುಂಬಿ ಚೆಂದದ ಕೆರೆಯಾಗಿದೆ. ಇದರಿಂದ ನೀರು ನಷ್ಟವಾಗುತ್ತದೆ, ಅದಕ್ಕೆ ಕಂಪನಿಯವರು ಬೇರೆ ಕಡೆ ನೀರು ಕೊಂಡು ನದಿಗೆ ಬಿಡಬೇಕು ಅಂತಾರೆ. ನಮ್ಮೂರು ಚಿತ್ರದುರ್ಗದ ಕಡೆ. ಅಲ್ಲಿ ಕೆರೆ ತುಂಬಿದರೆ ಬೋರ್‌ವೆಲ್‌ಗೆ ಜೀವ ಬಂತು ಅಂತ ಖುಷಿಪಡ್ತೀವಿ. ಇಲ್ಲಿ ಕೆರೆ ಆದರೆ ನಷ್ಟ. ಇದೇನು ಲೆಕ್ಕ ಸರ್?

ಉತ್ತರ: ನಿಮ್ಮ ಗೊಂದಲ ಸಹಜವೇ. ಅದು ನೋಡೋಕೆ ಕೆರೆ, ಕಾನೂನಿನ ಕಣ್ಣಿಗೆ ಬಾವಿ.

ಊರಿನ ಕೆರೆ ಹರಿದು ಹೋಗುವ ಮಳೆನೀರನ್ನು ಏರಿ ಕಟ್ಟಿ ನಿಲ್ಲಿಸುತ್ತದೆ. ಅಂತರ್ಜಲ ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ, ನೀರು ನಿಧಾನಕ್ಕೆ ಇಂಗಿ ಅಲ್ಲಿಗೆ ಇಳಿಯುತ್ತದೆ. ನಿಮ್ಮ ಮನೆ ಹಿಂದೆ ಯಾರೂ ಮಳೆನೀರು ನಿಲ್ಲಿಸಿಲ್ಲ. ಸೌತ್ ಪ್ಲಾಟ್ ನದಿಯ ಬಯಲಲ್ಲಿ ಎಷ್ಟೋ ಕಡೆ ಕೆಲವೇ ಅಡಿ ಅಗೆದರೆ ನೀರು ಸಿಗುತ್ತದೆ. ಮಣ್ಣಿನ ನೆರಳಲ್ಲಿ ತಣ್ಣಗಿದ್ದ ಆ ನೀರಿನ ಮುಚ್ಚಳ ತೆಗೆದು ಬಿಸಿಲು-ಗಾಳಿಗೆ ಇಟ್ಟ ಹಾಗಾಯಿತು. ಆವಿಯಾದಷ್ಟನ್ನು ಸುತ್ತಲ ನೆಲ ತುಂಬಿಕೊಡುತ್ತದೆ. ನೆಲದ ನೀರು ನದಿಗೆ ಸೇರಬೇಕಿದ್ದದ್ದು. ಕೊನೆಗೆ ಕೊರತೆ ಬೀಳುವುದು ನದಿಗೆ.

ಕೊಲೊರಾಡೊದಲ್ಲಿ ನೀರಿಗೆ ಮೊದಲು ಬಂದವರದ್ದೇ ಮೊದಲ ಹಕ್ಕು. ಸೌತ್ ಪ್ಲಾಟ್‌ನ ಎಷ್ಟೋ ಕಾಲುವೆಗಳ ಹಕ್ಕು 1860, 70ರ ದಶಕದ್ದು. ನಿನ್ನೆ ಮೊನ್ನೆ ತೋಡಿದ ಗುಂಡಿ ಅವರ ಪಾಲನ್ನು ಆವಿ ಮಾಡಿದರೆ ಬಿಡುತ್ತಾರಾ? ಸೌತ್ ಪ್ಲಾಟ್‌ಗೆ ಸೇರುವ ಪೂಡರ್ ನದಿಯ ನೀರು ಬಳಕೆದಾರರು ಕೋರ್ಟಿಗೆ ಹೋದರು. ಅಂತರ್ಜಲ ಹೊರಗೆ ಕಾಣುವ ಗುಂಡಿಯೂ ಬಾವಿಯೇ ಅಂತ 1988ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷವೇ ಶಾಸನಸಭೆ ಕಾನೂನು ಮಾಡಿತು. 1980 ಡಿಸೆಂಬರ್ 31ರ ನಂತರ ನೀರು ತೆರೆದುಕೊಂಡ ಗುಂಡಿಗಳು ಆವಿಯ ಬಾಕಿ ತೀರಿಸಬೇಕು. ಅದಕ್ಕಿಂತ ಹಳೆಯವಕ್ಕೆ ಮಾಫಿ. ಹಳೆಯ ಗುಂಡಿಯ ನೀರು ಆವಿಯಾಗಲ್ಲ ಅಂತೇನಲ್ಲ, ರಾಜಿ ಅಂದರೆ ಹಾಗೇ ಅಲ್ವಾ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಕೆರೆ 20 ಎಕರೆ, ಆ ಭಾಗದಲ್ಲಿ ವರ್ಷಕ್ಕೆ 42 ಇಂಚು ಆವಿಯಾಗುತ್ತದೆ ಅಂತ ಇಟ್ಟುಕೊಳ್ಳಿ. ಮಳೆ-ಹಿಮ ಸೇರಿ 14 ಇಂಚು. ಅದರಲ್ಲಿ ಶೇ 70ರಷ್ಟನ್ನು, ಅಂದರೆ ಹತ್ತಿರ ಹತ್ತಿರ 10 ಇಂಚನ್ನು ಕಂಪನಿ ಕಳೆಯಬಹುದು. ಯಾಕೆ ಅಂದರೆ, ಗುಂಡಿ ತೋಡುವ ಮೊದಲು ಅಲ್ಲಿದ್ದ ಹುಲ್ಲು ಅಷ್ಟು ಮಳೆಯನ್ನು ಹೇಗೂ ಕುಡಿಯುತ್ತಿತ್ತು, ಅದು ನದಿಗೆ ಸಿಗುತ್ತಿರಲಿಲ್ಲ. ಉಳಿದದ್ದು 32 ಇಂಚು. 20 ಎಕರೆಗೆ ಸುಮಾರು 53 ಎಕರೆ-ಅಡಿ. ಒಂದು ಎಕರೆ ಜಾಗದಲ್ಲಿ ಒಂದಡಿ ನೀರು ನಿಂತರೆ ಒಂದು ಎಕರೆ-ಅಡಿ, 12.33 ಲಕ್ಷ ಲೀಟರ್. ಒಟ್ಟು ಆರೂವರೆ ಕೋಟಿ ಲೀಟರ್ ಆಯಿತು, ಒಂದೇ ವರ್ಷಕ್ಕೆ!

ಲಾರಿಯಲ್ಲಿ ತೊಟ್ಟಿಕ್ಕುತ್ತಾ ಹೋಗುವ ನೀರೂ ಲೆಕ್ಕಕ್ಕೆ ಬರುತ್ತದೆ. ತೊಳೆದ ಜಲ್ಲಿಗೆ ತೂಕದ ಶೇ 4 ಅಂತ ಹಿಡಿಯುತ್ತಾರೆ. ಲಕ್ಷ ಟನ್ ಜಲ್ಲಿ ಹೋದರೂ ಮೂರು ಎಕರೆ-ಅಡಿ ಆಸುಪಾಸು ಅಷ್ಟೇ. ಎಲ್ಲರೂ ಬೆರಳು ತೋರಿಸುವುದು ಆ ಲಾರಿ ಕಡೆಗೇ. ನಿಜವಾಗಿ ನೀರು ಕುಡಿಯುವುದು ಸೂರ್ಯ. ಧೂಳು ಏಳದಂತೆ ಚಿಮುಕಿಸುವ ನೀರೂ ಸೇರಬೇಕು.

ಮೋಸ ಅನ್ನಲ್ಲ, ಮರೆವು ಅನ್ನೋಣ, ಅದು ಆಗುವುದು ವಿಸ್ತೀರ್ಣದಲ್ಲಿ. ಒಂದು ಗುಂಡಿಯ ತಿಂಗಳ ಲೆಕ್ಕದ ಹಾಳೆ ನೋಡುತ್ತಿದ್ದೆ. ಕೆರೆ ಅಳತೆ ಸರಿಯಾಗಿಯೇ ಇತ್ತು. ಆದರೆ ತಳ ಒಣಗಿಸೋಕೆ ಸುತ್ತ ತೋಡಿದ್ದ ಚರಂಡಿ ಲೆಕ್ಕದಲ್ಲೇ ಇರಲಿಲ್ಲ. ಅದರಲ್ಲೂ ಅಂತರ್ಜಲ ಬಿಸಿಲು ಕಾಯುತ್ತಾ ನಿಂತಿತ್ತು. ಚರಂಡಿಯೂ ಎಕರೆ ಲೆಕ್ಕಕ್ಕೆ ಸೇರಬೇಕು.

ನನಗೆ ತುಂಬಾ ಇಷ್ಟವಾದ ಭಾಗ ಇನ್ನೊಂದಿದೆ. ಜುಲೈಯಲ್ಲಿ ವರ್ಷದ ಶೇ 15ರಷ್ಟು ಆವಿಯಾಗುತ್ತದೆ, ಜನವರಿಯಲ್ಲಿ ಬರೀ ಶೇ 3. ಆದರೆ ಜುಲೈ ಕೊರತೆ ನದಿಗೆ ಜುಲೈಯಲ್ಲೇ ಗೊತ್ತಾಗಲ್ಲ. ನೆಲದೊಳಗೆ ತೆವಳಿಕೊಂಡು ತಲುಪಬೇಕಲ್ಲ! ನದಿ ಎಷ್ಟು ದೂರ, ಜಲ್ಲಿ ಪದರದಲ್ಲಿ ನೀರು ಎಷ್ಟು ಸಲೀಸಾಗಿ ಓಡುತ್ತದೆ ಅನ್ನೋದರ ಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಹಂಚಿಹೋಗುತ್ತದೆ. ಇದನ್ನು ಗ್ಲೋವರ್ ಎಂಬ ಎಂಜಿನಿಯರ್ ಹೆಸರಿನ ಸೂತ್ರದಿಂದ ಲೆಕ್ಕ ಹಾಕುತ್ತಾರೆ. ಹಾಗಾಗಿ ಕಂಪನಿ ಈ ತಿಂಗಳು ತೀರಿಸುವುದರಲ್ಲಿ ಹೋದ ಬೇಸಿಗೆಯ ಬಾಕಿಯೂ ಇರಬಹುದು. ಗಣಿ ಮುಚ್ಚಿ ಬೋರ್ಡ್ ಕಿತ್ತ ಮೇಲೂ ಸಾಲ ಹರಿಯುತ್ತಲೇ ಇರುತ್ತದೆ.

ತೀರಿಸೋಕೆ ಊರಿನ ಪುರಸಭೆಯಿಂದ ಶುದ್ಧೀಕರಿಸಿದ ಕೊಳಚೆನೀರು, ಕಾಲುವೆ ಕಂಪನಿಯ ಷೇರಿಗೆ ಬರುವ ನೀರು, ಜಲಾಶಯದ ನೀರು, ಹೀಗೆ ಏನಾದರೂ ಗುತ್ತಿಗೆ ಹಿಡಿಯುತ್ತಾರೆ. ನದಿಯಲ್ಲಿ ಕೊರತೆ ಇದ್ದಾಗಲೇ, ಹಳೆಯ ಹಕ್ಕುದಾರ ನೀರೆತ್ತುವ ಜಾಗಕ್ಕಿಂತ ಮೇಲೆಯೇ ಕೊಡಬೇಕು. ಕೆಳಗೆ ಬಿಟ್ಟರೆ ಅವನಿಗೇನು ಸಿಕ್ಕಿತು? ಇದಕ್ಕೆ ರಾಜ್ಯದ ನೀರಿನ ಹಂಚಿಕೆ ನೋಡಿಕೊಳ್ಳುವ ಸ್ಟೇಟ್ ಎಂಜಿನಿಯರ್ ಕಚೇರಿ ವರ್ಷದ ಮಟ್ಟಿಗೆ ಒಪ್ಪಿಗೆ ಕೊಡುತ್ತದೆ. ಕೆರೆ ಶಾಶ್ವತವಾಗಿ ಹಾಗೇ ಇರಬೇಕಾದರೆ ನೀರಿನ ಹಕ್ಕಿನ ವ್ಯಾಜ್ಯ ನೋಡುವ ವಾಟರ್ ಕೋರ್ಟ್ ಒಪ್ಪಿದ ಶಾಶ್ವತ ಯೋಜನೆ ಬೇಕು. ಬೇಡ ಅಂದರೆ ಗುಂಡಿ ಮುಚ್ಚಬೇಕು, ಇಲ್ಲವೇ ಅಂತರ್ಜಲ ಒಳಗೆ ಬರದಂತೆ ಗೋಡೆ ಕಟ್ಟಬೇಕು.

ಪ್ರಶ್ನೆ: ನಮ್ಮ ಪಕ್ಕದ ಗುಂಡಿಗೆ ಅಂಥದ್ದೇ ಗೋಡೆ ಕಟ್ಟಿದರು. ಆಮೇಲೆ ನಮ್ಮ ಬೇಸ್‌ಮೆಂಟ್‌ನಲ್ಲಿ ತೇವ. ಸಂಬಂಧ ಇದೆಯಾ?

ಉತ್ತರ: ಇರಬಹುದು. ಆ ಗೋಡೆ ನೆಲದೊಳಗೇ ಇರುತ್ತದೆ. ಕೆಳಗಿನ ಗಟ್ಟಿ ಶೇಲ್ ಕಲ್ಲಿನ ಪದರದವರೆಗೆ ಕಂದಕ ಅಗೆದು ಮಣ್ಣು ಮತ್ತು ಬೆಂಟೊನೈಟ್ ಜೇಡಿ ಕಲಸಿ ತುಂಬುತ್ತಾರೆ. 90 ದಿನ ಸೋರಿಕೆ ಪರೀಕ್ಷೆ ಪಾಸಾದರೆ ಅದು ಬಾವಿಯಲ್ಲ, ಜಲಾಶಯ. ಡೆನ್ವರ್ ಸುತ್ತಲ ನಗರಗಳು ಇಂಥ ಗುಂಡಿಗಳಲ್ಲೇ ನೀರು ಕೂಡಿಡುತ್ತವೆ. ಆದರೆ ನೆಲದೊಳಗೆ ಹರಿಯುತ್ತಿದ್ದ ನೀರಿಗೆ ಇದು ಅಡ್ಡಗಟ್ಟೆ. ಹರಿವಿನ ಮೇಲ್ಬದಿಯಲ್ಲಿ ನೀರು ಏರುತ್ತದೆ, ಕೆಳಬದಿಯಲ್ಲಿ ಇಳಿಯುತ್ತದೆ. ನಿಮ್ಮ ಮನೆ ಮೇಲ್ಬದಿಯಲ್ಲಿದ್ದರೆ ಅನುಮಾನ ಪಡಬಹುದು. ಸುಮ್ನೆ ಜಗಳಕ್ಕೆ ಹೋಗಬೇಡಿ. ಬೇಸ್‌ಮೆಂಟ್‌ನಲ್ಲಿ ಬಸಿದ ನೀರು ಸೇರುವ ಸಂಪ್ ಗುಂಡಿಯಲ್ಲಿ ನೀರು ಎಷ್ಟು ಇಂಚು ಇದೆ ಅಂತ ವಾರಕ್ಕೊಮ್ಮೆ ಅಳೆದು ದಿನಾಂಕ ಹಾಕಿ ಬರೆದಿಡಿ. ತೋಟಕ್ಕೆ ನೀರು ಬಿಟ್ಟ ದಿನ, ಮಳೆ ಬಂದ ದಿನ ಗುರುತು ಮಾಡಿ. ಗೋಡೆಯ ಹೊರಗೆ ಕಂಪನಿ ಅಳತೆ ಬಾವಿ ಕೊರೆಸಿದ್ದರೆ ಅದರ ಅಂಕಿ ಕೇಳಿ ಪಡೆದು ನಿಮ್ಮ ಪಟ್ಟಿ ಜೊತೆ ಇಟ್ಟು ನೋಡಿ. ಎರಡೂ ಒಟ್ಟಿಗೆ ಏರಿಳಿದರೆ, ಗೋಡೆ ಪಕ್ಕ ನೀರು ಬಸಿಯುವ ಪೈಪ್ ಹಾಕಿಸಿ ಅಂತ ಕಂಪನಿಗೆ ಬರೆದು ಕೇಳಿ.