ಲೇಸರ್ ಬಂದರೆ ಆವಿಗೆ ಬೇಡವಾ?

ಪ್ರಶ್ನೆ: ನಮ್ಮದು ಖಾನಾಪುರ, ಕುಂಬಾರಿಕೆ ಮನೆತನದ ಕಸುಬು. ಮಗ ಡಿಪ್ಲೊಮಾ ಓದುತ್ತಿದ್ದಾನೆ. ಪಿಂಗಾಣಿಯಂಥದ್ದನ್ನೂ ಈಗ ಲೇಸರ್‌ನಲ್ಲಿ ಪದರ ಪದರವಾಗಿ ಪ್ರಿಂಟ್ ಮಾಡ್ತಾರೆ, ಇನ್ನು ಮಡಕೆ ಸುಡುವ ಆವಿಗೆ ಬೇಡ ಅಂತಾನೆ. ಹೌದಾ?

ಉತ್ತರ: ಪ್ರಿಂಟ್ ಮಾಡುವುದು ನಿಜ. ಆದರೆ ಆವಿಗೆಯಲ್ಲಿ ಸುಡುವುದು ತಪ್ಪಿದ್ದಲ್ಲ.

ಹಿಟ್ಟಿನಂಥ ಪುಡಿಯನ್ನು ತೆಳ್ಳಗೆ ಹರಡಿ, ಬೇಕಾದ ಕಡೆ ಮಾತ್ರ ಲೇಸರ್ ಆಡಿಸುತ್ತಾರೆ. ಅಲ್ಲಿ ಪುಡಿ ಅಂಟಿಕೊಳ್ಳುತ್ತದೆ. ಅದರ ಮೇಲೆ ಇನ್ನೊಂದು ಪದರ. 1980ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಕಾರ್ಲ್ ಡೆಕಾರ್ಡ್ ಎಂಬ ವಿದ್ಯಾರ್ಥಿ ತನ್ನ ಮೇಷ್ಟ್ರು ಜೋ ಬೀಮನ್ ಜೊತೆ ಇದನ್ನು ರೂಪಿಸಿದ. ಪ್ಲಾಸ್ಟಿಕ್‌ಗೆ ಚೆನ್ನಾಗಿ ಒಗ್ಗಿತು.

ಸೆರಾಮಿಕ್, ಅಂದರೆ ಪಿಂಗಾಣಿಯಂಥ ಸುಟ್ಟು ಗಟ್ಟಿ ಮಾಡುವ ವಸ್ತು, ಮಾತ್ರ ಹಟಮಾರಿ. ಅಲ್ಯೂಮಿನಾ ಎಂಬ ಬಿಳಿ ಸೆರಾಮಿಕ್ ಪುಡಿ ಕರಗಲು 2,000 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಕಾವು ಬೇಕು. ಲೇಸರ್ ಅದನ್ನು ಕಣ್ಣು ಮಿಟುಕಿಸುವುದರೊಳಗೆ ಕೊಡುತ್ತದೆ. ಚುಕ್ಕಿ ಮುಂದೆ ಸರಿದರೆ ಅಷ್ಟೇ ಬೇಗ ತಣ್ಣಗಾಗುತ್ತದೆ. ಉರಿಯುವ ಲಾಟೀನಿನ ಗಾಜಿಗೆ ನೀರಿನ ಹನಿ ಬಿದ್ದರೆ ಏನಾಗುತ್ತೆ? ಇಲ್ಲೂ ಅದೇ.

ನಾನು ಇಪ್ಪತ್ತೆರಡು ವರ್ಷ ಕರೆಂಟ್ ಕಂಬಕ್ಕೆ ಹಾಕುವ ಪಿಂಗಾಣಿ ಇನ್ಸುಲೇಟರ್ ಕಾರ್ಖಾನೆಯ ಭಟ್ಟಿ ಮುಂದೆ ನಿಂತವನು. ಒಮ್ಮೆ ಆರ್ಡರ್ ಅವಸರಕ್ಕೆ ಬಾಗಿಲು ಬೇಗ ತೆಗೆದೆವು. ಒಳಗಿಂದ ಟಿಣ್, ಟಿಣ್ ಅಂತ ಸದ್ದು. ಒಂದೊಂದು ಸದ್ದಿಗೂ ಒಂದೊಂದು ಬಿರುಕು. ಬೆಳಗಾಗುವವರೆಗೂ ಕೇಳಿಸುತ್ತಲೇ ಇತ್ತು.

ಅದಕ್ಕೇ ಹೆಚ್ಚಿನವರು ಸುತ್ತು ದಾರಿ ಹಿಡಿಯುತ್ತಾರೆ. ಸೆರಾಮಿಕ್ ಪುಡಿಗೆ ನೈಲಾನ್‌ನಂಥ ಪ್ಲಾಸ್ಟಿಕ್ ಪುಡಿ ಬೆರೆಸುತ್ತಾರೆ. ಲೇಸರ್ ಕರಗಿಸುವುದು ಆ ಪ್ಲಾಸ್ಟಿಕ್ಕನ್ನು ಮಾತ್ರ. ಸಿಗುವುದು ನಿಮ್ಮ ಹಸಿ ಮಡಕೆಯಂಥದ್ದೇ ಒಂದು ತುಂಡು. ಆಮೇಲೆ ಸಣ್ಣ ಉರಿಯಲ್ಲಿ ಪ್ಲಾಸ್ಟಿಕ್ ಸುಟ್ಟು ಹೋಗಬೇಕು. ಅಲ್ಯೂಮಿನಾ ಆದರೆ ಸುಮಾರು 1,600 ಡಿಗ್ರಿಯಲ್ಲಿ ಗಂಟೆಗಟ್ಟಲೆ ಬೇಯಬೇಕು. ಕಣಕ್ಕೆ ಕಣ ಬೆಸೆಯಲು ಅಷ್ಟು ಹೊತ್ತು ಬೇಕೇ ಬೇಕು. ಬೆಂದಾಗ ಕುಗ್ಗುತ್ತದೆ, ಹಾಗಾಗಿ ಮೊದಲೇ ದೊಡ್ಡದಾಗಿ ಪ್ರಿಂಟ್ ಮಾಡುತ್ತಾರೆ. ಒಳಗೆ ತೂತು ಉಳಿಯುವ ಕಾಟವೂ ಇದೆ.

ನೇರವಾಗಿ ಲೇಸರ್‌ನಿಂದಲೇ ಕರಗಿಸಿದವರೂ ಇದ್ದಾರೆ. ಜರ್ಮನಿಯ ಆಹೆನ್‌ನ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆಯವರು ಅಲ್ಯೂಮಿನಾಗೆ ಜಿರ್ಕೋನಿಯಾ ಎಂಬ ಇನ್ನೊಂದು ಸೆರಾಮಿಕ್ ಬೆರೆಸಿ, ಬಿರುಕಿಲ್ಲದ ತುಂಡು ತೆಗೆದರು. ಹೇಗೆ ಗೊತ್ತಾ? ಲೇಸರ್ ಮುಟ್ಟುವ ಮೊದಲೇ 1,600 ಡಿಗ್ರಿಗೂ ಮೇಲೆ ಕಾಯಿಸಿಟ್ಟರು!

ಮಗನ ಓದು ಒಳ್ಳೆಯದೇ, ಬಿಡಿಸಬೇಡಿ. ಮುಂದಿನ ಆವಿಗೆ ಹಾಕುವಾಗ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲು ಸಣ್ಣ ಉರಿ ಯಾಕೆ, ಎಷ್ಟು ಹೊತ್ತು, ಹೊಗೆ ಹೇಗೆ ತಿರುಗಿದ ಮೇಲೆ ಸೌದೆ ಜಾಸ್ತಿ ಮಾಡ್ತೀರಿ, ಅದನ್ನೆಲ್ಲ ಹೇಳಿಕೊಡಿ. ಪ್ರಿಂಟ್ ಆದ ತುಂಡು ಸುಡುವಾಗ ಅವನಿಗೆ ಬೇಕಾಗುವುದು ಅದೇ.