ಪ್ರತಿಕ್ರಿಯೆ: ಉಡುಪಿಯಲ್ಲಿ ಒಬ್ಬರೇ ಇರುವ ತಾಯಿಗೆ ಸರಕಾರದ ನೆರವು

ನೀವು ಮಸ್ಕತ್‌ನಲ್ಲಿ, 72 ವರ್ಷದ ಅಮ್ಮ ಉಡುಪಿಯಲ್ಲಿ. ಸರಕಾರದ ಸೌಲಭ್ಯಗಳನ್ನು ಅಂತರ್ಜಾಲದಲ್ಲಿ ಎಲ್ಲಿ ಹುಡುಕಲಿ ಎಂದು ಕೇಳಿದ್ದೀರಿ. ಹುಡುಕುವ ಮೊದಲು 14567ಕ್ಕೆ ಅಮ್ಮನಿಂದಲೇ ಒಂದು ಕರೆ ಮಾಡಿಸಿ. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ ಅದು. ಕರೆ ಉಚಿತ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ.

ಹಿರಿಯ ನಾಗರಿಕರ ಗುರುತಿನ ಚೀಟಿಗೆ ರಾಜ್ಯ ಸರಕಾರದ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು. 60 ದಾಟಿದ್ದರೆ ಸಾಕು. ತೊಡಕು ಬರುವುದು ಒಟಿಪಿಯಲ್ಲಿ. ಆಧಾರ್‌ಗೆ ಜೋಡಿಸಿದ ಸಂಖ್ಯೆ ಅಮ್ಮನ ಹಳೆಯ ಮೊಬೈಲಿನದಾಗಿದ್ದು, ಅದು ಕಪಾಟಿನೊಳಗೆ ಚಾರ್ಜ್ ಇಲ್ಲದೆ ಬಿದ್ದಿದ್ದರೆ ನೀವು ಅಲ್ಲಿಂದ ಎಷ್ಟು ಒತ್ತಿದರೂ ಪುಟ ಮುಂದೆ ಹೋಗುವುದಿಲ್ಲ. ಪಕ್ಕದ ಮನೆಯವರನ್ನು ಅಮ್ಮನ ಬಳಿ ಕೂರಿಸಿ, ಫೋನಿನಲ್ಲಿ ಮಾತನಾಡುತ್ತಲೇ ಅರ್ಜಿ ತುಂಬಿ. ಚೀಟಿ ಇದ್ದರೆ ಕೆಎಸ್‌ಆರ್‌ಟಿಸಿಯಲ್ಲಿ ಶೇ. 25 ರಿಯಾಯಿತಿ ಇದೆ. ಖಾಸಗಿ ಬಸ್ಸುಗಳೇ ಓಡಾಡುವ ನಮ್ಮ ಊರಿನಲ್ಲಿ ಅದರ ಉಪಯೋಗ ಅಷ್ಟಕ್ಕಷ್ಟೇ ಅನ್ನಿ!

ಸಂಧ್ಯಾ ಸುರಕ್ಷಾ ಪಿಂಚಣಿ 65 ದಾಟಿದವರಿಗೆ, ಆದರೆ ಆದಾಯದ ಮಿತಿ ಇದೆ. ನೀವು ಕಳುಹಿಸುವ ಹಣವನ್ನು ನೆನಪಿನಲ್ಲಿಟ್ಟು ನಾಡಕಚೇರಿಯಲ್ಲಿ ವಿಚಾರಿಸಿ.

ಜಾಲತಾಣದ ವಿಳಾಸ ‘ಗವ್ ಡಾಟ್ ಇನ್’ ಎಂದು ಮುಗಿಯದಿದ್ದರೆ ಆಧಾರ್ ಸಂಖ್ಯೆ ಕೊಡಲೇಬೇಡಿ. ಇನ್ನೊಂದು ಮಾತು, ನೀವು ಕೇಳದಿದ್ದರೂ: ಮನೆಯನ್ನು ಯಾರಿಗಾದರೂ ದಾನಪತ್ರ ಮಾಡಿಕೊಡುವ ಯೋಚನೆ ಅಮ್ಮನಿಗಿದ್ದರೆ, ‘ನನ್ನನ್ನು ನೋಡಿಕೊಳ್ಳಬೇಕು’ ಎಂಬ ಷರತ್ತನ್ನು ಪತ್ರದಲ್ಲೇ ಬರೆಸಿ. ನೋಡಿಕೊಳ್ಳದಿದ್ದರೆ ಪೋಷಕರು ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣದ 2007ರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಅದನ್ನು ರದ್ದು ಮಾಡಿಸಲು ಅವಕಾಶವಿದೆ.